ಕ್ರೀಮ್ ಇಲ್ಲದ ಕ್ರೀಮಿ ಪಾಸ್ತಾ: ಹಗುರವಾದ ಆಲ್ಫ್ರೆಡೊ ಮಾಡುವ ಪೂರ್ತಿ ವಿಧಾನ

ಕ್ರೀಮಿ ಪಾಸ್ತಾ ತುಂಬಾ ಜನಕ್ಕೆ ಇಷ್ಟ. ತಿಂದ ಮೇಲೆ ಹೊಟ್ಟೆ ಭಾರ ಅನ್ನುವ ದೂರೂ ಅಷ್ಟೇ ಇದೆ. ಹಗುರ ಮಾಡೋಣ ಅಂತ ಹೊರಟವರು ಸಾಮಾನ್ಯವಾಗಿ ಮಾಡುವುದು ಇಷ್ಟು: ಕ್ರೀಮ್ ಇದ್ದ ಜಾಗಕ್ಕೆ ಅಷ್ಟೇ ಹಾಲು ಸುರಿಯುತ್ತಾರೆ, ಚೀಸ್ ಅರ್ಧಕ್ಕಿಂತ ಕಮ್ಮಿ ಮಾಡುತ್ತಾರೆ. ತಟ್ಟೆಯ ತಳದಲ್ಲಿ ಬಿಳಿ ನೀರು ನಿಲ್ಲುತ್ತದೆ, ಪಾಸ್ತಾ ಸಪ್ಪೆಯಾಗುತ್ತದೆ, ಮುಂದಿನ ಸಲ ಮತ್ತೆ ಕ್ರೀಮಿಗೇ ಕೈ ಹೋಗುತ್ತದೆ. ಹೀಗಾಗಬೇಕಿಲ್ಲ. ನಾಲಿಗೆಗೆ ಹಿತವಾಗಿ ಅನಿಸುವ ಆ ನುಣುಪು ಬರೀ ಕೊಬ್ಬಿನಿಂದ ಬರುವುದಲ್ಲ. ನೀರನ್ನು ಹಿಡಿದಿಟ್ಟುಕೊಳ್ಳುವ ಗಂಜಿ (ಅಂದರೆ ಪಿಷ್ಟ), ಅದರೊಳಗೆ ಸಣ್ಣಗೆ ಹರಡಿಕೊಂಡ ಒಂದಿಷ್ಟು ಕೊಬ್ಬು, ಇವೆರಡೂ ಸೇರಿದರೆ ನುಣುಪು ಬಂತು ಅಂತಲೇ ಲೆಕ್ಕ. ಕೊಬ್ಬನ್ನು ಕಡಿಮೆ ಮಾಡಿ ಗಂಜಿಯ ಕೆಲಸವನ್ನು ಸರಿಯಾಗಿ ಮಾಡಿದರೆ ಸಾಸ್ ದಪ್ಪವಾಗಿಯೇ ಇರುತ್ತದೆ, ಹೊಟ್ಟೆಯೂ ಹಗುರವಾಗಿರುತ್ತದೆ.

ಇನ್ನೊಂದು ವಿಷಯ. ಆಲ್ಫ್ರೆಡೊ, ಅಂದರೆ ಚೀಸಿನ ಬಿಳಿ ಸಾಸಿನ ಪಾಸ್ತಾ, ಅದರಲ್ಲಿ ಕ್ರೀಮ್ ಇರಲೇಬೇಕು ಅಂತ ತುಂಬಾ ಜನ ನಂಬಿದ್ದಾರೆ. 20ನೇ ಶತಮಾನದ ಆರಂಭದಲ್ಲಿ ರೋಮ್ ನಗರದಲ್ಲಿ ಆಲ್ಫ್ರೆಡೊ ದಿ ಲೆಲಿಯೊ ತನ್ನ ಹೋಟೆಲಿನಲ್ಲಿ ಬಡಿಸುತ್ತಿದ್ದ ಫೆಟ್ಟುಚೀನೆಯಲ್ಲಿ (ಅಗಲ ಪಟ್ಟಿಯಂಥ ಪಾಸ್ತಾ) ಕ್ರೀಮ್ ಇರಲಿಲ್ಲ. ಬೆಣ್ಣೆ, ಪಾರ್ಮೆಸಾನ್ ಚೀಸ್, ಬಿಸಿ ಪಾಸ್ತಾ, ಅಷ್ಟೇ. ಚೆನ್ನಾಗಿ ಕಲಸಿದಾಗ ಅವೇ ಸೇರಿ ಸಾಸ್ ಆಗುತ್ತಿತ್ತು. ಕ್ರೀಮ್ ಸೇರಿಕೊಂಡಿದ್ದು ಆಮೇಲೆ, ಆ ತಿನಿಸು ಅಮೆರಿಕಕ್ಕೆ ಹೋದ ನಂತರ. ಹಾಗಾಗಿ ಕ್ರೀಮ್ ಬಿಟ್ಟರೆ ಮೂಲಕ್ಕೆ ಅನ್ಯಾಯ ಮಾಡಿದೆವು ಅಂತ ಯಾರೂ ಕೊರಗಬೇಕಿಲ್ಲ. ಆದರೆ ಆ ಮೂಲ ವಿಧಾನವೂ ಹಗುರವಲ್ಲ, ಅದರಲ್ಲಿ ಬೆಣ್ಣೆ ಧಾರಾಳ. ನಾವು ಅಲ್ಲಿಂದ ತೆಗೆದುಕೊಳ್ಳುವುದು ಕಲಸುವ ಕ್ರಮವನ್ನು ಮಾತ್ರ.

ಭಾರ ಎಲ್ಲಿಂದ ಬರುತ್ತದೆ?

ಮೊದಲು ಲೆಕ್ಕ ನೋಡಿಬಿಡೋಣ. ದಪ್ಪ ಕ್ರೀಮಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೊಬ್ಬೇ ಇರುತ್ತದೆ, 100 ಮಿಲೀಗೆ ಹೆಚ್ಚುಕಡಿಮೆ 340 ಕ್ಯಾಲರಿ. ಅಷ್ಟೇ ಹಾಲಿನಲ್ಲಿ 60ರ ಆಸುಪಾಸು. ಬೆಣ್ಣೆ 100 ಗ್ರಾಂಗೆ 700ಕ್ಕೂ ಮೇಲೆ. ಪಾರ್ಮೆಸಾನ್ 400ರ ಹತ್ತಿರ. ಇಬ್ಬರಿಗೆ ಅಂತ 250 ಮಿಲೀ ಕ್ರೀಮ್, 50 ಗ್ರಾಂ ಬೆಣ್ಣೆ, 80 ಗ್ರಾಂ ಚೀಸ್ ಹಾಕಿದರೆ ಬರೀ ಸಾಸಿನಿಂದಲೇ ಒಂದು ತಟ್ಟೆಗೆ 750 ಕ್ಯಾಲರಿ ದಾಟುತ್ತದೆ. ಕೆಳಗೆ ಕೊಟ್ಟ ಅಳತೆಯಲ್ಲಿ ಸಾಸಿನ ಪಾಲು ತಟ್ಟೆಗೆ ಸುಮಾರು 230. ಒಬ್ಬರಿಗೆ 90 ಗ್ರಾಂ ಒಣ ಪಾಸ್ತಾದ 320ರಷ್ಟನ್ನು ಸೇರಿಸಿದರೂ ಒಟ್ಟು 550ರ ಹತ್ತಿರ ನಿಲ್ಲುತ್ತದೆ, ಅಂದರೆ ಕ್ರೀಮ್ ಹಾಕಿದ್ದರ ಅರ್ಧ.

ಇಲ್ಲಿ ಗಮನಿಸಿ, ಭಾರದ ದೊಡ್ಡ ಪಾಲು ಕ್ರೀಮ್ ಮತ್ತು ಬೆಣ್ಣೆಯದು. ಚೀಸಿನದು ಅಷ್ಟಿಲ್ಲ. ಆದರೆ ರುಚಿಯ ದೊಡ್ಡ ಪಾಲು ಚೀಸಿನದೇ. ಅದಕ್ಕೇ ನಾನು ಹೇಳುವುದು, ಚೀಸಿನ ಮೇಲೆ ಜಿಪುಣತನ ತೋರಿಸಬೇಡಿ. ಪ್ರಮಾಣ ಅರ್ಧ ಮಾಡಿ, ಆದರೆ ಒಳ್ಳೆಯದನ್ನೇ ತನ್ನಿ. ಒಂದು ವರ್ಷಕ್ಕೂ ಮೇಲೆ ಇಟ್ಟು ಮಾಗಿಸಿದ ಪಾರ್ಮೆಸಾನಿನಲ್ಲಿ ರುಚಿ ಎಷ್ಟು ಗಾಢ ಅಂದರೆ 40 ಗ್ರಾಂ ಇಬ್ಬರಿಗೆ ಸಾಕು. ಕಡಿಮೆ ಕೊಬ್ಬಿನ ಚೀಸ್ ಅಂತ ಸಿಗುವುದು ಸರಿಯಾಗಿ ಕರಗುವುದೂ ಇಲ್ಲ, ರುಚಿಯೂ ಅಷ್ಟಕ್ಕಷ್ಟೆ, ಅದನ್ನು ಬಿಟ್ಟುಬಿಡಿ. ಸಸ್ಯಾಹಾರಿಗಳು ಒಂದು ಮಾತು ನೆನಪಿಡಬೇಕು: ಇಟಲಿಯ ಅಸಲಿ ಪಾರ್ಮೆಸಾನ್ ಮಾಡುವಾಗ ಹಾಲನ್ನು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಬೇಡ ಅನ್ನುವವರು ಸಸ್ಯಾಹಾರಿ ರೆನೆಟ್ ಅಂತ ಬರೆದಿರುವ ಗಟ್ಟಿ ಚೀಸನ್ನು ಆರಿಸಿಕೊಳ್ಳಿ.

ಕ್ರೀಮಿನ ಜಾಗಕ್ಕೆ ಯಾವುದು?

ದಾರಿ ಹಲವು ಇವೆ. ಹಾಲಿಗೆ ಕಾರ್ನ್‌ಫ್ಲೋರ್ ಹಾಕಿ ದಪ್ಪ ಮಾಡಬಹುದು, ಬೆಂದ ಹೂಕೋಸನ್ನು ನುಣ್ಣಗೆ ರುಬ್ಬಬಹುದು, ನೀರು ಬಸಿದ ಗಟ್ಟಿ ಮೊಸರು ಹಾಕಬಹುದು, ಸ್ವಲ್ಪ ಕ್ರೀಮ್ ಚೀಸ್ ಕರಗಿಸಬಹುದು. ಒಂದೊಂದನ್ನೇ ನೆಚ್ಚಿಕೊಂಡರೆ ಒಂದೊಂದು ಕೊರತೆ ಕಾಣುತ್ತದೆ. ಬರೀ ಹಾಲು ಮತ್ತು ಕಾರ್ನ್‌ಫ್ಲೋರ್ ಆದರೆ ಸಾಸ್ ದಪ್ಪ ಬರುತ್ತದೆ, ಆದರೆ ಅಂಟಂಟು. ಬರೀ ಹೂಕೋಸು ಆದರೆ ತರಕಾರಿ ಸೂಪಿನ ವಾಸನೆ ಮುಂದೆ ಬರುತ್ತದೆ. ಮೊಸರು ಹುಳಿ, ಜೊತೆಗೆ ಒಡೆಯುವ ಭಯ. ಹಾಲನ್ನೂ ಹೂಕೋಸನ್ನೂ ಜೊತೆ ಮಾಡಿ, ಕಾರ್ನ್‌ಫ್ಲೋರ್ ಕಡಿಮೆ ಹಾಕಿದರೆ ಎರಡರ ಕೊರತೆಯೂ ಮುಚ್ಚಿಹೋಗುತ್ತದೆ. ನಾನು ಒಪ್ಪುವ ವಿಧಾನ ಇದೇ.

ಗೋಡಂಬಿ ರುಬ್ಬಿ ಹಾಕುವುದನ್ನು ಹಗುರ ಅಂತ ಕೆಲವರು ಹೇಳುತ್ತಾರೆ. ಹಾಲು ಒಗ್ಗದವರಿಗೆ ಅದು ಒಳ್ಳೆಯದು, ರುಚಿಯೂ ಸೊಗಸು. ಆದರೆ 100 ಗ್ರಾಂ ಗೋಡಂಬಿಯಲ್ಲಿ 550 ಕ್ಯಾಲರಿಯಷ್ಟು ಇರುತ್ತದೆ, ಒಂದು ಹಿಡಿ ಎರಡು ಹಿಡಿ ಅಂತ ಹಾಕುತ್ತಾ ಹೋದರೆ ಕ್ರೀಮಿಗೂ ಅದಕ್ಕೂ ಏನೂ ಫರಕ್ಕಿಲ್ಲ. ಹೊಟ್ಟು ತೆಗೆಯದ ಇಡೀ ಗೋಧಿಯ ಪಾಸ್ತಾದ ಕಥೆಯೂ ಹಾಗೇ. ನಾರಿನಂಶ ಜಾಸ್ತಿ, ಹೊಟ್ಟೆ ಬೇಗ ತುಂಬುತ್ತದೆ, ಆದರೆ ಕ್ಯಾಲರಿ ಹೆಚ್ಚುಕಡಿಮೆ ಅಷ್ಟೇ.

ಬೇಕಾಗುವ ಸಾಮಾನು, ಇಬ್ಬರಿಗೆ

ಫೆಟ್ಟುಚೀನೆ 180 ಗ್ರಾಂ (ಅಗಲ ಪಟ್ಟಿಯಂಥ ಪಾಸ್ತಾಕ್ಕೆ ಈ ಸಾಸ್ ಚೆನ್ನಾಗಿ ಹಿಡಿಯುತ್ತದೆ, ಸಿಗದಿದ್ದರೆ ಪೆನ್ನೆ ಆದರೂ ಸರಿ). ಹೂಕೋಸಿನ ಹೂವು 150 ಗ್ರಾಂ, ದಪ್ಪ ದಂಟು ಬೇಡ. ಹಾಲು 250 ಮಿಲೀ. ಕಾರ್ನ್‌ಫ್ಲೋರ್ ಮಟ್ಟಸವಾಗಿ 1 ದೊಡ್ಡ ಚಮಚ, ಅಂದರೆ 8 ಗ್ರಾಂ. ಬೆಣ್ಣೆ 2 ಸಣ್ಣ ಚಮಚ. ಬೆಳ್ಳುಳ್ಳಿ 4 ಎಸಳು. ಪಾರ್ಮೆಸಾನ್ 40 ಗ್ರಾಂ. ಆಗಷ್ಟೇ ಕುಟ್ಟಿದ ಕಾಳುಮೆಣಸು, ಒಂದು ಚೂರು ಜಾಯಿಕಾಯಿ ತುರಿ, ಉಪ್ಪು. ಬೇಕೆಂದರೆ ಕೊನೆಗೆ ಸ್ವಲ್ಪ ನಿಂಬೆ ಸಿಪ್ಪೆಯ ತುರಿ, ಕೊಚ್ಚಿದ ಪಾರ್ಸ್ಲಿ.

ಹಾಲು ಯಾವುದು ಅಂತ ಕೇಳಿದರೆ, 3ರಿಂದ 3.5 ಶೇಕಡಾ ಕೊಬ್ಬಿನದು. ಪೂರ್ತಿ ಕೆನೆ ತೆಗೆದ ಹಾಲಿನಲ್ಲಿ ಉಳಿತಾಯವಾಗುವುದು ತಟ್ಟೆಗೆ ಮೂವತ್ತು ಚಿಲ್ಲರೆ ಕ್ಯಾಲರಿ, ಕಳೆದುಕೊಳ್ಳುವುದು ರುಚಿಯ ತುಂಬುತನ. ಅಷ್ಟಕ್ಕೆ ಯಾಕೆ ಸುಮ್ನೆ?

ಹಂತ 1: ಚೀಸ್ ಮೊದಲು

ಎಲ್ಲಕ್ಕಿಂತ ಮುಂಚೆ ಚೀಸನ್ನು ಫ್ರಿಜ್ಜಿನಿಂದ ಹೊರಗೆ ತೆಗೆದಿಡಿ, ತುರಿಮಣೆಯ ಅತಿ ಸಣ್ಣ ಕಣ್ಣಿನಲ್ಲಿ ತುರಿಯಿರಿ. ತುರಿ ಹತ್ತಿಯಂತೆ ಹಗುರವಾಗಿ ಬೀಳಬೇಕು. ದಪ್ಪ ತುರಿ ತಡವಾಗಿ ಕರಗುತ್ತದೆ, ಕರಗಿಸಲು ನೀವು ಉರಿ ಜಾಸ್ತಿ ಮಾಡುತ್ತೀರಿ, ಅಲ್ಲಿಗೆ ಸಾಸ್ ಕೆಡುತ್ತದೆ. ಪ್ಯಾಕೆಟ್ಟಿನಲ್ಲಿ ತುರಿದೇ ಬರುವ ಚೀಸಿಗೆ ಒಂದಕ್ಕೊಂದು ಅಂಟದಿರಲಿ ಅಂತ ಪುಡಿ ಬೆರೆಸಿರುತ್ತಾರೆ, ಅದರಿಂದ ಸಾಸ್ ಮರಳುಮರಳಾಗುವುದುಂಟು. ಗಟ್ಟಿ ತುಂಡು ತಂದು ಮನೆಯಲ್ಲೇ ತುರಿಯುವುದು ವಾಸಿ.

ಹಂತ 2: ಹೂಕೋಸು ಬೇಯಿಸುವುದು

ಪಾತ್ರೆಯಲ್ಲಿ ಒಂದೂವರೆ ಲೀಟರ್ ನೀರು ಇಡಿ. ಕುದಿ ಬಂದ ಮೇಲೆ ಎರಡು ಸಣ್ಣ ಚಮಚ ಉಪ್ಪು ಹಾಕಿ, ಹೂಕೋಸು ಹಾಕಿ. ಪಾಸ್ತಾಕ್ಕೆ ನಾಲ್ಕೈದು ಲೀಟರ್ ನೀರು ಇಡಬೇಕು ಅಂತ ಎಲ್ಲರೂ ಹೇಳುತ್ತಾರಲ್ಲ, ಇಲ್ಲಿ ಅದು ಬೇಡ. ನೀರು ಕಡಿಮೆ ಇದ್ದಷ್ಟು ಪಾಸ್ತಾ ಬಿಟ್ಟ ಗಂಜಿ ಅದರಲ್ಲಿ ದಟ್ಟವಾಗಿರುತ್ತದೆ, ನಮಗೆ ಬೇಕಾದದ್ದು ಆ ಗಂಜಿಯೇ.

ಹೂಕೋಸು 10ರಿಂದ 12 ನಿಮಿಷ ಬೇಯಲಿ. ಪಲ್ಯಕ್ಕೆ ಬೇಯಿಸುವ ಹದ ಸಾಲದು. ಚಮಚದ ಬೆನ್ನಿನಿಂದ ಪಾತ್ರೆಯ ಗೋಡೆಗೆ ಒತ್ತಿದರೆ ಒಂದಿಷ್ಟೂ ತಡೆಯದೆ ಅಪ್ಪಚ್ಚಿಯಾಗಬೇಕು. ಅರೆಬೆಂದದ್ದನ್ನು ಎಷ್ಟು ಹೊತ್ತು ರುಬ್ಬಿದರೂ ಸಣ್ಣ ಸಣ್ಣ ಕಾಳು ಉಳಿಯುತ್ತದೆ, ಬಾಯಿಗೆ ಸಿಕ್ಕ ಕೂಡಲೇ ಇದು ಕ್ರೀಮ್ ಅಲ್ಲ ಅಂತ ಗೊತ್ತಾಗಿಬಿಡುತ್ತದೆ. ಹಾಗಂತ ಅರ್ಧ ಗಂಟೆ ಬೇಯಿಸಲೂ ಬೇಡಿ, ಹೆಚ್ಚು ಬೆಂದಷ್ಟು ಆ ಗಂಧಕದ ವಾಸನೆ ಏಳುತ್ತದೆ. ಬೆಂದ ಹೂವನ್ನು ಜಾಲರಿ ಸೌಟಿನಲ್ಲಿ ತೆಗೆಯಿರಿ. ನೀರು ಚೆಲ್ಲಬೇಡಿ.

ಹಂತ 3: ಅದೇ ನೀರಿಗೆ ಪಾಸ್ತಾ

ಅದೇ ನೀರು ಮತ್ತೆ ಕುದಿಯಲಿ, ಪಾಸ್ತಾ ಹಾಕಿ, ಮೊದಲ ಒಂದು ನಿಮಿಷ ತಿರುವುತ್ತಲೇ ಇರಿ, ನೀರು ಕಡಿಮೆ ಇರುವುದರಿಂದ ಇಲ್ಲದಿದ್ದರೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಎಣ್ಣೆ ಹಾಕಬೇಡಿ. ಎಣ್ಣೆ ನೀರಿನ ಮೇಲೆ ತೇಲುತ್ತದೆ ಅಷ್ಟೇ, ಬಸಿದಾಗ ಪಾಸ್ತಾಕ್ಕೆ ಮೆತ್ತಿಕೊಂಡು ಸಾಸ್ ಹಿಡಿಯದ ಹಾಗೆ ಮಾಡುತ್ತದೆ. ಪ್ಯಾಕೆಟ್ಟಿನ ಮೇಲೆ 10 ನಿಮಿಷ ಅಂತ ಇದ್ದರೆ 8 ನಿಮಿಷಕ್ಕೆ ತೆಗೆಯಿರಿ. ಒಂದು ಎಳೆ ಕಚ್ಚಿ ನೋಡಿ: ಮುರಿದ ಜಾಗದಲ್ಲಿ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ ಕಂಡರೆ ಹದ ಸರಿಯಾಗಿದೆ. ಉಳಿದದ್ದು ಸಾಸಿನಲ್ಲಿ ಬೇಯುತ್ತದೆ. ಬಸಿಯುವ ಮುಂಚೆ ಒಂದು ದೊಡ್ಡ ಲೋಟ ನೀರು ಎತ್ತಿಡಿ, 250 ಮಿಲೀ ಇರಲಿ. ಇದನ್ನು ಮರೆತರೆ ಮುಂದಿನದೆಲ್ಲ ಕಷ್ಟ. ಲೋಟವನ್ನು ಮೊದಲೇ ಒಲೆಯ ಪಕ್ಕ ತಂದಿಟ್ಟುಕೊಂಡರೆ ಮರೆಯುವುದಿಲ್ಲ.

ಹಂತ 4: ಸಾಸಿನ ಬುನಾದಿ

ಪಾಸ್ತಾ ಬೇಯುತ್ತಿರುವಾಗಲೇ ಈ ಕೆಲಸ ಶುರು ಮಾಡಿ. ಅಗಲ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಣ್ಣೆ ಕರಗಿಸಿ, ಜಜ್ಜಿದ ಬೆಳ್ಳುಳ್ಳಿ ಹಾಕಿ. ಬೆಳ್ಳುಳ್ಳಿಯ ಹಸಿ ವಾಸನೆ ಹೋಗಬೇಕು, ಬಣ್ಣ ಬರಬಾರದು. ಕಂದು ತಿರುಗಿದರೆ ಈ ಬಿಳಿ ಸಾಸಿನಲ್ಲಿ ಕಹಿ ಎದ್ದು ಕಾಣುತ್ತದೆ.

ಕಾರ್ನ್‌ಫ್ಲೋರನ್ನು ನಾಲ್ಕು ಚಮಚ ತಣ್ಣನೆ ಹಾಲಿನಲ್ಲಿ ಗಂಟಿಲ್ಲದಂತೆ ಕದಡಿಕೊಳ್ಳಿ. ಬಿಸಿ ಹಾಲಿಗೆ ನೇರವಾಗಿ ಉದುರಿಸಿದರೆ ಪುಡಿಯ ಹೊರಪದರ ತಕ್ಷಣ ಬೆಂದು ಒಳಗೆ ಒಣ ಪುಡಿ ಉಳಿದ ಗಂಟುಗಳಾಗುತ್ತವೆ, ಆಮೇಲೆ ಎಷ್ಟು ತಿರುವಿದರೂ ಕರಗುವುದಿಲ್ಲ. ಉಳಿದ ಹಾಲು, ಬೆಂದ ಹೂಕೋಸು, ಬೆಣ್ಣೆ ಬೆಳ್ಳುಳ್ಳಿ ಎಲ್ಲವನ್ನೂ ಮಿಕ್ಸಿಗೆ ಹಾಕಿ ಎರಡು ನಿಮಿಷ ಪೂರ್ತಿ ರುಬ್ಬಿ. ಹೂಕೋಸು ಸ್ವಲ್ಪ ಆರಿರಲಿ, ಜಾರನ್ನು ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಬಿಸಿ ಪದಾರ್ಥದ ಆವಿ ಮುಚ್ಚಳವನ್ನು ಎತ್ತಿ ಎಸೆಯಬಲ್ಲದು. ಎರಡು ನಿಮಿಷ ಜಾಸ್ತಿ ಅನಿಸಬಹುದು. ಆದರೆ ಅರ್ಧ ನಿಮಿಷಕ್ಕೆ ನಿಲ್ಲಿಸಿದ್ದನ್ನೂ ಎರಡು ನಿಮಿಷ ರುಬ್ಬಿದ್ದನ್ನೂ ಬೆರಳುಗಳ ನಡುವೆ ಉಜ್ಜಿ ನೋಡಿ, ಮೊದಲನೆಯದರಲ್ಲಿ ತರಿ ಸಿಗುತ್ತದೆ, ಎರಡನೆಯದು ಜಾರುತ್ತದೆ.

ರುಬ್ಬಿದ್ದನ್ನು ಬಾಣಲೆಗೆ ಸುರಿದು, ಕದಡಿದ ಕಾರ್ನ್‌ಫ್ಲೋರ್ ಸೇರಿಸಿ, ಮಧ್ಯಮ ಉರಿಯಲ್ಲಿ ತಳ ಕೆರೆಯುತ್ತಾ ತಿರುವಿ. ಹಾಲು ಸುಮ್ಮನೆ ಬಿಟ್ಟರೆ ತಳ ಹಿಡಿಯುತ್ತದೆ, ಸೀದ ವಾಸನೆ ಇಡೀ ಸಾಸಿಗೆ ಹಬ್ಬುತ್ತದೆ. ಮೊದಲು ಏನೂ ಆಗುತ್ತಿಲ್ಲ ಅನಿಸುತ್ತದೆ, ಕುದಿಗೆ ಹತ್ತಿರ ಬಂದ ಹಾಗೆ ಇದ್ದಕ್ಕಿದ್ದಂತೆ ದಪ್ಪವಾಗುತ್ತದೆ. ಗುಳ್ಳೆ ಬಂದ ಮೇಲೂ ಒಂದು ನಿಮಿಷ ಬಿಡಿ, ಹಸಿ ಹಿಟ್ಟಿನ ರುಚಿ ಹೋಗುವುದು ಆಗಲೇ. ಮರದ ಸೌಟನ್ನು ಅದ್ದಿ ಎತ್ತಿ, ಅದರ ಬೆನ್ನ ಮೇಲೆ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಕೂಡಿಕೊಳ್ಳದೆ ನಿಂತರೆ ಸಾಕು. ಇನ್ನೂ ದಪ್ಪ ಬೇಡ, ಚೀಸ್ ಬರುವುದಿದೆ, ಪಾಸ್ತಾವೂ ನೀರು ಹೀರುತ್ತದೆ. ಜಾಯಿಕಾಯಿ, ಕಾಳುಮೆಣಸು ಈಗ ಹಾಕಿ. ಉಪ್ಪು ಇನ್ನೂ ಹಾಕಬೇಡಿ.

ಹಂತ 5: ಕಲಸುವುದು, ಒಲೆ ಆರಿಸುವುದು, ಚೀಸ್ ಹಾಕುವುದು

ಇಡೀ ಅಡುಗೆಯ ಹಣೆಬರಹ ಇಲ್ಲಿದೆ. ಬಸಿದ ಪಾಸ್ತಾವನ್ನು ತೊಳೆಯದೆ ನೇರವಾಗಿ ಸಾಸಿಗೆ ಹಾಕಿ. ಎತ್ತಿಟ್ಟ ನೀರಿನಲ್ಲಿ ಅರ್ಧ ಸುರಿದು, ಸಣ್ಣ ಉರಿಯಲ್ಲಿ ಒಂದೂವರೆ, ಎರಡು ನಿಮಿಷ ಇಕ್ಕಳದಿಂದ ಎತ್ತಿ ತಿರುವಿ. ಮೊದಲು ನೀರು ಜಾಸ್ತಿಯಾಯಿತು ಅಂತ ಗಾಬರಿಯಾಗುತ್ತದೆ. ತಿರುವುತ್ತಾ ಹೋದಂತೆ ಅದು ಕಾಣೆಯಾಗಿ, ಪಟ್ಟಿಗಳ ಮೇಲೆ ಸಾಸ್ ಹೊಳೆಯುತ್ತಾ ಹಿಡಿದುಕೊಳ್ಳುತ್ತದೆ.

ಈಗ ಒಲೆ ಆರಿಸಿ. ಅರ್ಧ ನಿಮಿಷ ಕಾಯಿರಿ, ಗುಳ್ಳೆ ಪೂರ್ತಿ ನಿಲ್ಲಲಿ. ಆಮೇಲೆ ಚೀಸನ್ನು ಮೂರು ಸಲಕ್ಕೆ ಉದುರಿಸಿ, ಒಂದು ಸಲದ್ದು ಕರಗಿದ ಮೇಲೆ ಇನ್ನೊಂದು, ಕೈ ಬಿಡದೆ ತಿರುವಿ. ಕುದಿಯುವ ಸಾಸಿಗೆ ಚೀಸ್ ಹಾಕಿದರೆ ಏನಾಗುತ್ತದೆ ಗೊತ್ತಲ್ವಾ? ಅದರ ಪ್ರೋಟೀನು ಒಂದಕ್ಕೊಂದು ಬಿಗಿದುಕೊಂಡು ಒಳಗಿನ ನೀರನ್ನೂ ಕೊಬ್ಬನ್ನೂ ಹಿಂಡಿ ಹೊರಗೆ ಹಾಕುತ್ತದೆ. ಸೌಟಿನ ತುದಿಯಲ್ಲಿ ರಬ್ಬರಿನಂಥ ಉಂಡೆ, ಬಾಣಲೆಯ ಅಂಚಿನಲ್ಲಿ ಎಣ್ಣೆಯ ಹನಿ. ಸಾಸಿನಲ್ಲಿರುವ ಗಂಜಿ ಇದನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ, ಆದರೆ ಗಂಜಿಯೊಂದನ್ನೇ ನೆಚ್ಚಿಕೊಳ್ಳಬೇಡಿ, ಉರಿ ಆರಿಸುವುದೇ ಖಾತ್ರಿ ಉಪಾಯ.

ಈಗ ರುಚಿ ನೋಡಿ ಉಪ್ಪು ಹಾಕಿ. ಚೀಸಿನಲ್ಲೂ ಉಪ್ಪಿದೆ, ಪಾಸ್ತಾ ನೀರಿನಲ್ಲೂ ಉಪ್ಪಿದೆ, ಎಷ್ಟೋ ಸಲ ಬೇಕೇ ಆಗುವುದಿಲ್ಲ. ಸಪ್ಪೆ ಅನಿಸಿದರೆ ಉಪ್ಪಿಗಿಂತ ಮೊದಲು ನಿಂಬೆ ಸಿಪ್ಪೆಯ ತುರಿ, ಕಾಳುಮೆಣಸು ಹಾಕಿ ನೋಡಿ. ನಿಂಬೆ ರಸ ಹಿಂಡಬೇಡಿ, ಬಿಸಿ ಹಾಲು ಒಡೆಯಬಹುದು.

ಕೊನೆಗೆ ಇನ್ನೆರಡು ಚಮಚ ಪಾಸ್ತಾ ನೀರು ಸೇರಿಸಿ, ಬೇಕಾದ್ದಕ್ಕಿಂತ ಸ್ವಲ್ಪ ತೆಳ್ಳಗಿರುವಾಗಲೇ ತಟ್ಟೆಗೆ ಹಾಕಿ. ತಟ್ಟೆ ಮೊದಲೇ ಬೆಚ್ಚಗೆ ಮಾಡಿಟ್ಟರೆ ಇನ್ನೂ ಒಳ್ಳೆಯದು. ಗಂಜಿಯ ಸಾಸು ಆರಿದ ಹಾಗೆ ಗಟ್ಟಿಯಾಗುತ್ತದೆ, ಬಾಣಲೆಯಲ್ಲೇ ಸರಿಯಾಗಿದ್ದದ್ದು ಮೇಜಿಗೆ ಬರುವಷ್ಟರಲ್ಲಿ ಮುದ್ದೆಯಾಗಿರುತ್ತದೆ.

ಏನಾದರೂ ಕೈಕೊಟ್ಟರೆ

ಸಾಸ್ ತುಂಬಾ ದಪ್ಪವಾದರೆ ಬಿಸಿ ಪಾಸ್ತಾ ನೀರನ್ನೇ ಚಮಚ ಚಮಚವಾಗಿ ಹಾಕಿ, ಹಾಲು ಹಾಕಿದರೆ ತಣ್ಣಗಾಗುತ್ತದೆ, ರುಚಿಯೂ ತೆಳುವಾಗುತ್ತದೆ. ನೀರಾಗಿದ್ದರೆ ಇನ್ನೊಂದು ನಿಮಿಷ ತಿರುವಿ, ಅದಕ್ಕೂ ಬಗ್ಗದಿದ್ದರೆ ಅರ್ಧ ಸಣ್ಣ ಚಮಚ ಕಾರ್ನ್‌ಫ್ಲೋರ್ ತಣ್ಣೀರಲ್ಲಿ ಕದಡಿ ಹಾಕಿ ಒಂದು ಕುದಿ ಬರಿಸಿ (ಚೀಸ್ ಹಾಕುವ ಮುಂಚೆ ಮಾತ್ರ). ಸಾಸಿನಲ್ಲಿ ಕಾರ್ನ್‌ಫ್ಲೋರ್ ಗಂಟುಗಳು ಕಂಡರೆ ಪಾಸ್ತಾ ಸೇರಿಸುವ ಮೊದಲೇ ಸಾಸನ್ನು ಮಿಕ್ಸಿಗೆ ಹಾಕಿ ತಿರುಗಿಸಿಬಿಡಿ, ಸರಿಹೋಗುತ್ತದೆ. ಚೀಸ್ ಉಂಡೆಗಟ್ಟಿದರೆ ಮಾತ್ರ ಪೂರ್ತಿ ರಿಪೇರಿ ಸಾಧ್ಯವಿಲ್ಲ. ಉಂಡೆ ತೆಗೆದು ಹಾಕಿ, ಎರಡು ಚಮಚ ಬಿಸಿ ಪಾಸ್ತಾ ನೀರು ಸೇರಿಸಿ ಜೋರಾಗಿ ಕಲಸಿದರೆ ಉಳಿದದ್ದು ಸುಧಾರಿಸುತ್ತದೆ.

ಜೊತೆಗೆ ಏನು ಹಾಕಬಹುದು?

ಅಣಬೆ ಇದಕ್ಕೆ ಹೇಳಿ ಮಾಡಿಸಿದ ಜೊತೆ. ಬೇರೆ ಬಾಣಲೆಯಲ್ಲಿ ಜೋರು ಉರಿಯಲ್ಲಿ, ಮೊದಲು ಎಣ್ಣೆಯೇ ಇಲ್ಲದೆ, ಅದರ ನೀರೆಲ್ಲ ಆವಿಯಾಗುವ ತನಕ ಹುರಿಯಿರಿ, ಆಮೇಲೆ ಅರ್ಧ ಚಮಚ ಎಣ್ಣೆ ಸಾಕು. ಮೊದಲೇ ಎಣ್ಣೆ ಹಾಕಿದರೆ ಅಣಬೆ ಅಷ್ಟನ್ನೂ ಹೀರಿಕೊಳ್ಳುತ್ತದೆ. ಪಾಲಕ್ ಆದರೆ ಕೊನೆಯ ಒಂದು ನಿಮಿಷಕ್ಕೆ ಸಾಸಿಗೇ ಹಾಕಿ, ಬಾಡಿದರೆ ಆಯಿತು. ಹಸಿರು ಬಟಾಣಿ, ಬ್ರೊಕೊಲಿಯನ್ನು ಪಾಸ್ತಾದ ಕೊನೆಯ ಎರಡು ಮೂರು ನಿಮಿಷಕ್ಕೆ ಅದೇ ನೀರಿಗೆ ಹಾಕಬಹುದು. ಕೋಳಿ ಎದೆ ಮಾಂಸ ಇಷ್ಟಪಡುವವರು ಬೇರೆಯಾಗಿ ಬೇಯಿಸಿ ಸೀಳಿ ಮೇಲೆ ಇಡಿ. ತರಕಾರಿ ಜಾಸ್ತಿ ಹಾಕುವುದಾದರೆ ಪಾಸ್ತಾವನ್ನು 140 ಗ್ರಾಂಗೆ ಇಳಿಸಿ, ತಟ್ಟೆ ತುಂಬಿಯೇ ಇರುತ್ತದೆ, ಊಟ ಇನ್ನಷ್ಟು ಹಗುರವಾಗುತ್ತದೆ.

ಹೂಕೋಸು ಬೇಡವೇ ಬೇಡ ಅನ್ನುವವರಿಗೆ ಮೊಸರಿನ ದಾರಿ ಇದೆ. ನೀರು ಬಸಿದ ಗಟ್ಟಿ ಮೊಸರು 150 ಗ್ರಾಂ, ಹುಳಿ ಇಲ್ಲದ್ದು, ಫ್ರಿಜ್ಜಿನಿಂದ ಮುಂಚೆಯೇ ತೆಗೆದಿಟ್ಟದ್ದು. ಅದಕ್ಕೆ 1 ಸಣ್ಣ ಚಮಚ ಕಾರ್ನ್‌ಫ್ಲೋರ್ ಹಾಕಿ ಚೆನ್ನಾಗಿ ಕಡೆಯಿರಿ, ಮೊಸರು ಒಡೆಯದಂತೆ ಅದು ಕಾಯುತ್ತದೆ. ಕಾಲು ಲೋಟದಷ್ಟು ಬಿಸಿ ಪಾಸ್ತಾ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ ಮೊಸರನ್ನು ಬೆಚ್ಚಗೆ ಮಾಡಿ. ಬೆಣ್ಣೆ, ಬೆಳ್ಳುಳ್ಳಿ, ಪಾಸ್ತಾ ಇರುವ ಬಾಣಲೆಗೆ ಅತಿ ಸಣ್ಣ ಉರಿಯಲ್ಲಿ ಸುರಿದು, ದಪ್ಪವಾಗುವ ತನಕ ಒಂದೇ ದಿಕ್ಕಿನಲ್ಲಿ ತಿರುವಿ. ಕುದಿಸಬೇಡಿ. ಚೀಸ್ ಹಾಕುವ ಕ್ರಮ ಮೊದಲಿನಂತೆಯೇ.

ಉಳಿದರೆ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿ ಇಡಿ, ಎರಡು ದಿನದೊಳಗೆ ಮುಗಿಸಿ. ಫ್ರೀಜರಿಗೆ ಹಾಕಬೇಡಿ, ಕಾರ್ನ್‌ಫ್ಲೋರಿನ ಸಾಸು ಹೆಪ್ಪುಗಟ್ಟಿ ಕರಗಿದ ಮೇಲೆ ನೀರು ಬಿಟ್ಟುಕೊಂಡು ಸ್ಪಂಜಿನಂತಾಗುತ್ತದೆ. ಮಾರನೇ ದಿನ ಡಬ್ಬಿ ತೆರೆದಾಗ ಎಲ್ಲ ಒಂದೇ ಗಟ್ಟಿಯಾಗಿ ಕಂಡರೆ ಹೆದರಬೇಡಿ. ಬಾಣಲೆಯಲ್ಲಿ ತಟ್ಟೆಗೆ ಮೂರು ನಾಲ್ಕು ಚಮಚ ಹಾಲು ಹಾಕಿ, ಸಣ್ಣ ಉರಿಯಲ್ಲಿ ಮುಚ್ಚಿಟ್ಟು, ಎರಡು ನಿಮಿಷದ ಮೇಲೆ ಮೆಲ್ಲಗೆ ಬಿಡಿಸಿ. ಮೈಕ್ರೋವೇವ್ ಆದರೆ ಅರ್ಧ ಪವರಿನಲ್ಲಿ, ನಡುವೆ ಒಮ್ಮೆ ನಿಲ್ಲಿಸಿ ತಿರುವಿ, ಪೂರ್ತಿ ಪವರಿಗೆ ಇಟ್ಟರೆ ಚೀಸ್ ಎಣ್ಣೆ ಬಿಡುತ್ತದೆ.